ಫಟಫಟಿ ಸಿದ್ಧವಾದ ಮೇಲೆ

೧೫ ಜನವರಿ ೧೯೬೧, ರವಿವಾರ

ಮಧ್ಯಾಹ್ನ ತಿಕೋಟಾದಿಂದ ಅಮೋಘಿ ಬಂದಿದ್ದ. ನನ್ನ ಹೆಂಡತಿ ಮಲಕವ್ವನ ತಮ್ಮ. ಸಂಕ್ರಾಂತಿಯ ಕುಸುರೆಳ್ಳು ತರಲಿಲ್ಲ. ಮಲಕವ್ವ ಹೋಗಿ ಐದು ತಿಂಗಳು, ಈ ವರ್ಷ ಎರಡೂ ಮನೆಗೆ ಹಬ್ಬವಿಲ್ಲ. ತನ್ನ ತಾಯಿಯನ್ನು ಕರೆದುಕೊಂಡು ಹೋಗುವ ಮಾತು ತೆಗೆಯಲಿಕ್ಕೇ ಬಂದಿದ್ದ.

ಆ ಮಾತು ಎಂದಾದರೂ ಬರಬೇಕಾದದ್ದೇ. ಮಗಳ ಜ್ವರಕ್ಕೆ ಆರೈಕೆ ಮಾಡಲು ಬಂದ ಈ ಹೆಂಗಸು, ಮಗಳು ಹೋದ ಮೇಲೂ ಇಲ್ಲೇ ಉಳಿದಿದ್ದಾರೆ. ಹೋಗಿರಿ ಎನ್ನಲು ನನಗೆ ಬಾಯಿ ಬಂದಿಲ್ಲ, ಹೋಗುತ್ತೇನೆ ಎಂದು ಅವರೂ ಅಂದಿಲ್ಲ. ನನ್ನ ಮನೆ ನನ್ನ ಕೈಗೆ ಬಂದರೆ ಸಾಕಾಗಿದೆ. ಇಟ್ಟ ಸಾಮಾನು ಇಟ್ಟಲ್ಲಿ ಇರುವುದಿಲ್ಲ. ನನ್ನ ಬ್ರಶ್ಶುಗಳನ್ನು ತೊಳೆದು ಒಲೆಯ ಪಕ್ಕದಲ್ಲಿ ಒಣಗಿಸುತ್ತಾರೆ. ಡ್ರಾಯಿಂಗ್ ಮಾಸ್ತರನ ಬ್ರಶ್ಶಿಗೆ ಒಲೆಯ ಕಾವು ತಾಗಬಾರದೆಂದು ಯಾರು ಹೇಳಬೇಕು?

ಅಮೋಘಿ ಚಹಾ ಕುಡಿದು ಮುಗಿಸಿ ಶುರುಮಾಡಿದ. "ನೋಡ್ರಿ ಮಾಮಾ, ಊರಾಗ ಮಂದಿ ಬಾಯಿ ಹಿಡಿಯಾಕ ಆಗವಲ್ದು. ಮಗ ಇದ್ದಾಗ ಅವ್ವ ಅಳಿಯನ ಮನ್ಯಾಗ ಯಾಕ ಅಂತಾರ. ನಿಮಗೂ ನಾಳೆ ಹೆಣ್ಣ ಕೊಡಾಕ ಬರೋರು, ಮದಲಿನಾಕಿ ಅವ್ವ ಒಲಿ ಮುಂದ ಕುಂತಿದ್ದ ನೋಡಿದ್ರ ಹೊಸ್ತಲಾ ದಾಟೂದಿಲ್ಲ. ಬುಧವಾರ ಚಕ್ಕಡಿ ಹೂಡಕೊಂಡ ಬರತೇನಿ."

ಮಾತು ಸರಿಯೇ ಇತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಆಯಿತು" ಎನ್ನಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ. "ಚಕ್ಕಡಿ ಬ್ಯಾಡ. ನನ್ನ ಮೋಟಾರ್ ಸೈಕಲ್ ಸಿದ್ಧ ಆಗ್ಲಿ, ನಾನ ಕರಕೊಂಡ ಬಂದು ಬಿಡತೇನಿ" ಎಂದುಬಿಟ್ಟೆ.

ಅಮೋಘಿ ನಕ್ಕ. ನಗದೆ ಏನು ಮಾಡಿಯಾನು? ಆ ಮೋಟಾರ್ ಸೈಕಲ್ ಮೂರು ವರ್ಷದಿಂದ ಹಿತ್ತಲಲ್ಲಿ ಬಿದ್ದಿದೆ. ಬಬಲೇಶ್ವರದ ಹತ್ತಿ ವ್ಯಾಪಾರಿಯೊಬ್ಬರ ವಾಡೆಯಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಕಾವು ಕೂತಿದ್ದವು. ಯುದ್ಧಕ್ಕೂ ಮೊದಲು ವಿಲಾಯತಿಯಲ್ಲಿ ಮಾಡಿದ ಬಿ.ಎಸ್.ಎ. ಗಾಡಿ ಎಂದು ನಾನು ಮರುಳಾಗಿ ಚಕ್ಕಡಿಯಲ್ಲಿ ಹೇರಿಸಿಕೊಂಡು ಬಂದಿದ್ದೆ. "ಕೋಳಿಗೂಡ ತಂದೀರೇನ್ರಿ?" ಎಂದು ಮಲಕವ್ವ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಆಮೇಲೆ ನಾನು ಅದನ್ನು ಮುಟ್ಟಿರಲಿಲ್ಲ.

"ಬಸ್ ಐತೆಲ್ರಿ ಮಾಮಾ" ಎಂದ ಅಮೋಘಿ. ಒಳಗಿನಿಂದ ಅವನ ತಾಯಿಯ ದನಿ ಬಂತು: "ಬಸ್ ಹತ್ತಿದ್ರ ನನಗ ವಾಂತಿ. ಚಕ್ಕಡಿ ಕುಲುಕಿಗೆ ಸೊಂಟ ತಡ್ಯಾಂಗಿಲ್ಲೋ ಅಮೋಘಿ. ಫಟಫಟಿನ ಆಗ್ಲಿ."

ಸಿದ್ಧವಾದ ಮೇಲೆ ಬಿಟ್ಟು ಬರುವುದು ಎಂದು ಮಾತಾಯಿತು. ನಾನೇಕೆ ಹಾಗೆ ಹೇಳಿದೆನೋ! ಇರಲಿ, ಎರಡು ತಿಂಗಳ ಕೆಲಸ.

೨೨ ಜನವರಿ

ಮೋಟಾರ್ ಸೈಕಲ್ಲನ್ನು ಪಡಸಾಲೆಗೆ ತಂದೆ. ಹಿತ್ತಲಲ್ಲಿ ಧೂಳು, ಇಂಥ ಕೆಲಸ ಅಲ್ಲಿ ಆಗುವುದಿಲ್ಲ. ಬಿಚ್ಚಿದ ಪ್ರತಿಯೊಂದು ಭಾಗದ ಚಿತ್ರ ಬರೆದುಕೊಳ್ಳುತ್ತಿದ್ದೇನೆ, ಯಾವುದು ಯಾವುದರ ಮೇಲೆ ಕೂಡುತ್ತದೆ ಎಂದು ಬಾಣ ಹಾಕಿ. ವಿಜಾಪುರದಲ್ಲಿ ಮೆಕ್ಯಾನಿಕ್ಕುಗಳು ಬೇಕಾದಷ್ಟಿದ್ದಾರೆ, ಆದರೆ ಚಿತ್ರ ಬರೆದು ಬಿಚ್ಚುವವನು ನಾನೊಬ್ಬನೇ. ಟ್ಯಾಂಕಿನೊಳಗೆ ಇಲಿಗೂಡು ಇತ್ತು.

ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ, ತಲೆಯ ಮೇಲೆ ಸೆರಗು. ಇಷ್ಟು ದಿನ ಇವರು ನನಗೆ ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. "ಬೆಕ್ಕೇ, ಸಾಲಿಗೆ ಹೊತ್ತಾತು." "ಬೆಕ್ಕೇ, ಜೋಳ ತೀರ್‍ಯಾವು." ಈಗ ಬೆಕ್ಕಿನ ನೌಕರಿ ಹೋಯಿತು. ಇಂದು ಮಧ್ಯಾಹ್ನ ನಾನು ಚಕ್ರ ಬಿಚ್ಚುತ್ತಿದ್ದಾಗ ಬಾಗಿಲ ಹಿಂದಿನಿಂದ, "ಫಟಫಟೀ, ರೊಟ್ಟಿ ಆರಾಕತ್ತಾವು, ಕೈ ತೊಳಿ" ಎಂದರು. ನಾನೂ ಬಿಡಲಿಲ್ಲ. "ಮೋಟಾರ್ ಸೈಕಲ್ಲಿಗೆ ಹಸಿವಿಲ್ಲ" ಎಂದೆ. "ಬದನಿಕಾಯಿ ಪಲ್ಯ ಐತಿ ಅಂತ ಹೇಳು ಅದಕ್ಕ" ಎಂದು ದನಿ ಬಂತು.

ಎದ್ದು ಹೋಗಿ ಉಂಡೆ.

೫ ಫೆಬ್ರವರಿ

ಎಂಜಿನ್ನಿನ ಪಿಸ್ಟನ್ ಹಿಡಿದುಕೊಂಡುಬಿಟ್ಟಿದೆ. ಒಂದು ಕೂದಲೆಳೆಯಷ್ಟೂ ಅಲುಗದು. ಸೊಲ್ಲಾಪುರ ರಸ್ತೆಯ ಪೀರಸಾಬನನ್ನು ಕರೆತಂದೆ. ಟಾಂಗಾ ರಿಪೇರಿ ಅವನ ಕಸುಬು, ಅಂಗಡಿಯಲ್ಲಿ ಒಂದು ಲೇಥ್ ಯಂತ್ರವೂ ಇದೆ. ನನ್ನ ಹಳೆಯ ಗೆಳೆಯ, ಕೈಗಿಂತ ಬಾಯಿ ಜೋರು. ಅರ್ಧ ತಾಸು ಎಂಜಿನ್ನು ನೋಡಿ ಒಂದು ತಾಸು ತನ್ನ ಮಾವನ ಆಸ್ತಿಯ ಜಗಳ ಹೇಳಿದ. ಕಡೆಗೆ, "ಘಾಸಲೇಟ ಎಣ್ಣಿ ಸುರುವಿ ಇಡ್ರಿ ಮಾಸ್ತರ. ಬಿಟ್ರ ಬಿಡತೈತಿ, ಇಲ್ಲಂದ್ರ ಇಲ್ಲ" ಎಂದು ಹೋದ. ಸೀಮೆಎಣ್ಣೆ ಸುರಿಯಿರಿ ಎಂಬ ಇಷ್ಟು ಮಾತಿಗೆ ಎರಡು ಕಪ್ಪು ಚಹಾ.

೧೯ ಫೆಬ್ರವರಿ

ಬಿಟ್ಟಿತು! ಕಟ್ಟಿಗೆಯ ತುಂಡು ಇಟ್ಟು ಮೇಲಿನಿಂದ ಬಡಿಯಬೇಕು, ಕೆಳಗೆ ಯಾರಾದರೂ ಗಟ್ಟಿ ಹಿಡಿಯಬೇಕು. ಒಬ್ಬನೇ ಒದ್ದಾಡುತ್ತಿದ್ದೆ. ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡು ಅಮೋಘಿಯ ತಾಯಿ ಬಂದು ಕುಳಿತು, ನನ್ನ ಕಡೆ ಬೆನ್ನು ಮಾಡಿಯೇ ಎಂಜಿನ್ನನ್ನು ಎರಡೂ ಕೈಯಿಂದ ಹಿಡಿದರು. ಬೀಸುಕಲ್ಲು ತಿರುಗಿಸಿದ ಕೈ, ಅಲುಗಲಿಲ್ಲ. ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಪಿಸ್ಟನ್ ಹೊರಗೆ ಬಂತು. "ಫಟಫಟಿ ಹಡೀತು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಈ ಮನೆಯಲ್ಲಿ ನಕ್ಕು ಬಹಳ ದಿನವಾಗಿತ್ತೆಂದು ನಕ್ಕಮೇಲೆ ನೆನಪಾಯಿತು.

ಸಾಲೆಯ ಪರೀಕ್ಷೆಗಳು ಬರುತ್ತಿವೆ, ಕೆಲಸ ನಿಲ್ಲಿಸಬೇಕು. ಬಿಚ್ಚಿದ ಕಬ್ಬಿಣವನ್ನು ಹಾಗೇ ಇಟ್ಟರೆ ತುಕ್ಕು ತಿನ್ನುತ್ತದೆ ಎಂದು ಅವರೇ ಒಂದೊಂದು ಭಾಗಕ್ಕೂ ಕುಸುಬಿ ಎಣ್ಣೆ ಹಚ್ಚಿ, ಕೂಸಿಗೆ ಹಚ್ಚುವಂತೆ ತಿಕ್ಕಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಬುದ್ಧಿವಂತಿಕೆಯ ಕೆಲಸ. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದೆ.

೧೯ ಮಾರ್ಚ್

ಯುಗಾದಿ ಆಯಿತು. ನಮಗಿಲ್ಲ. ಆದರೂ ಬೇವಿನ ಎಲೆ, ಬೆಲ್ಲ ಒಂದು ಬಟ್ಟಲಲ್ಲಿ ನನ್ನ ಮೇಜಿನ ಮೇಲೆ ಇತ್ತು. ಯಾರಿಟ್ಟರೆಂದು ಬೆಕ್ಕನ್ನು ಕೇಳಿದರೆ ಬೆಕ್ಕು ಹೇಳಲಿಲ್ಲ.

೩೦ ಏಪ್ರಿಲ್

ರಜೆ ಶುರುವಾಗಿದೆ. ಮೇ ಮುಗಿಯುವುದರೊಳಗೆ ಗಾಡಿ ಜೋಡಿಸಿ, ಜೂನಿನಲ್ಲಿ ತಿಕೋಟಾಕ್ಕೆ ಬಿಟ್ಟು ಬರುವುದೆಂದು ಲೆಕ್ಕ ಹಾಕಿದ್ದೆ. ಇಂದು ಅಟ್ಟದಿಂದ ಪೆಟ್ಟಿಗೆ ಇಳಿಸಿ ತೆರೆದರೆ, ಏನು ಹೇಳಲಿ! ಎಲ್ಲಕ್ಕೂ ಅಂಟು ಹಿಡಿದು ಬಟ್ಟೆ ಸಮೇತ ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದರೆ ಅರಗಿನಂತೆ ಏಳುತ್ತದೆ. ಸಣ್ಣ ತೂತುಗಳೆಲ್ಲ ಮುಚ್ಚಿವೆ.

ಪೀರಸಾಬ ನೋಡಿ ತೊಡೆ ತಟ್ಟಿಕೊಂಡು ನಕ್ಕ. "ಕುಸುಬಿ ಎಣ್ಣಿ ಕಾವಿಗೆ ಅಂಟಾಗತೈತ್ರಿ ಮಾಸ್ತರ. ಬಾವಿ ನೀರ ಜಗ್ಗೂ ತೊಗಲಿನ ಕಪಲಿ ಇರತೈತಲ್ಲ, ಅದಕ್ಕ ಇದನ್ನ ಕಾಸಿ ಬಳೀತಾರ, ನೀರ ಸೋರಬಾರದಂತ. ಒಕ್ಕಲತನದ ಮನಿ ಹೆಣಮಕ್ಕಳಿಗೆ ಎಲ್ಲಾರಿಗೂ ಗೊತ್ತಿರೂ ಮಾತು."

ಅತ್ತೆಯೂ ಒಕ್ಕಲತನದ ಮನೆಯವರೇ. ವಯಸ್ಸಾಯಿತು, ಮರೆತಿರಬೇಕು. ಬಾಗಿಲ ಮರೆಯಿಂದ, "ಅಯ್ಯ ಶಿವನ! ಫಟಫಟೀ, ನನ್ನಿಂದ ನಿನಗ ತ್ರಾಸ ಆತು. ಇನ್ನ ಎಷ್ಟ ದಿನ ಹಿಡೀತೈತಿ?" ಎಂದು ಕೇಳಿದರು. "ಎರಡು ತಿಂಗಳಾದರೂ ಬೇಕು" ಎಂದೆ. "ಪಾಪ" ಎಂದರು.

ನನಗೆ ಸಿಟ್ಟು ಬರಬೇಕಾಗಿತ್ತು. ಸೆಕೆಗೆ ಸಿಟ್ಟು ಸಹ ಬರುವುದಿಲ್ಲವೋ ಏನೋ. ರಾತ್ರಿ ಮಜ್ಜಿಗೆ ಜೊತೆ ಒಂದು ರೊಟ್ಟಿ ಹೆಚ್ಚೇ ಉಂಡೆ.

೭ ಮೇ

ಕಬ್ಬಿಣದ ಭಾಗಗಳನ್ನು ಸೋಡಾ ಹಾಕಿದ ನೀರಲ್ಲಿ ಕುದಿಸಿದರೆ ಅಂಟು ಬಿಡುತ್ತದಂತೆ. ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಅತ್ತೆ ಸ್ನಾನದ ಹಂಡೆಯನ್ನೇ ಕೊಟ್ಟರು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೆಳಗಿನಿಂದ ಕುದಿಸಿದೆವು. ನಾನು ಮೇಲೆತ್ತಿ ಕೊಡುವುದು, ಅವರು ತೆಂಗಿನ ನಾರಿನಿಂದ ತಿಕ್ಕುವುದು. ಪಕ್ಕದ ಮನೆಯ ನೀಲಾಬಾಯಿ ಗೋಡೆಯ ಮೇಲಿಂದ ಇಣುಕಿ, "ಏನ್ ಪಲ್ಯ ಮಾಡಾಕತ್ತೀರಿ ದುಂಡವ್ವಾ?" ಎಂದು ಕೇಳಿದರು. "ಚಕ್ಕರ ಪಲ್ಯ. ಹಲ್ಲ ಗಟ್ಟಿ ಇದ್ರ ಬಾ" ಎಂದರು ಅತ್ತೆ.

ಸಣ್ಣ ಹಲ್ಲಿನ ಚಕ್ರವೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. "ಮಲಕವ್ವನ ಕಾಲಾಗಿನ ಚೈನ ಇಷ್ಟ ಸಣ್ಣದಿತ್ತ, ಕೂಸಿದ್ದಾಗ" ಎಂದರು. ಬೆಕ್ಕಿಗೆ ಹೇಳಿದರೋ, ಫಟಫಟಿಗೆ ಹೇಳಿದರೋ, ತಿಳಿಯಲಿಲ್ಲ. ಎಂಟೊಂಬತ್ತು ತಿಂಗಳ ಮೇಲೆ ಈ ಮನೆಯಲ್ಲಿ ಆ ಹೆಸರು ಕೇಳಿದ್ದು. ಕೇಳಿ ಸಂಕಟವಾಗುವುದೆಂದು ಹೆದರಿದ್ದೆ. ಆಗಲಿಲ್ಲ, ಹಿತವೆನಿಸಿತು. ಆಮೇಲೆ ನಾನೂ ಒಂದೆರಡು ಹೇಳಿದೆ, ಆಕೆ ಸೈಕಲ್ ಕಲಿಯಲು ಹೋಗಿ ಬಿದ್ದದ್ದು, ಬಿದ್ದಿಲ್ಲವೆಂದು ವಾದಿಸಿದ್ದು. ಅತ್ತೆ ಅತ್ತರು, ನಕ್ಕರು, ಮತ್ತೆ ತಿಕ್ಕಿದರು.

ಸ್ನಾನದ ನೀರಿಗೆ ಇನ್ನೂ ಎರಡು ವಾರ ಎಂಜಿನ್ನಿನ ವಾಸನೆ ಬರುವುದು ಖಂಡಿತ.

೪ ಜೂನ್

ಕಿಡಿ ಹಾರಿಸುವ ಮ್ಯಾಗ್ನೆಟೊ ಸತ್ತಿದೆ. ಒಳಗಿನ ತಂತಿ ಹೊಸದಾಗಿ ಸುತ್ತಿಸಬೇಕು. ಪೀರಸಾಬ ಸೊಲ್ಲಾಪುರಕ್ಕೆ ಒಯ್ದಿದ್ದಾನೆ. ಅಲ್ಲಿಯವರು ಎಂದು ಕೊಡುತ್ತಾರೋ.

ಅಮೋಘಿ ಮತ್ತೆ ಬಂದಿದ್ದ. ಪಡಸಾಲೆಯಲ್ಲಿ ಹರಡಿದ ಕಬ್ಬಿಣವನ್ನು ದಾಟಿ ದಾಟಿ ಬಂದು ಕುಳಿತ. ಈ ಸಲ ನಗಲಿಲ್ಲ. "ಮಾಮಾ, ಕಳ್ಳಕವಟಗಿಯವರು ಕೇಳ್ಯಾರ. ಚಲೋ ಮಂದಿ. ಹುಡುಗಿ ಆರನೇ ಇಯತ್ತೆ ತನಕ ಕಲ್ತಾಳ. ವರ್ಷದ ಕಾರ್ಯ ಆದಮ್ಯಾಲ ನೋಡಾಕ ಹೋಗೂಣು. ಅವ್ವ ಮಾತ್ರ ಬನ್ನಿ ಹಬ್ಬದ ಹೊತ್ತಿಗೆ ನಮ್ಮ ಮನ್ಯಾಗ ಇರಬೇಕು. ಫಟಫಟಿ ಆಗ್ಲಿ, ಆಗದ ಇರ್ಲಿ."

ಬನ್ನಿ ಹಬ್ಬ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಆಗದೆ ಏನು? ಒಪ್ಪಿದೆ. ಒಳಗಿನಿಂದ, "ಹುಡುಗಿ ಚಲೋ ಇದ್ರ ಹೂಂ ಅನ್ನಂತ ಹೇಳೋ ಅಮೋಘಿ, ಫಟಫಟಿಗೆ" ಎಂದು ದನಿ ಬಂತು. ದನಿ ಗಟ್ಟಿಯಾಗಿಯೇ ಇತ್ತು. ರಾತ್ರಿ ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ. ನಾನೂ ಕೇಳದೆ ಉಂಡೆ.

೨೩ ಜುಲೈ, ರವಿವಾರ

ಚಾಲೂ ಆಯಿತು. ನಮ್ಮ ಫಟಫಟಿ ಚಾಲೂ ಆಯಿತು!

ಬೆಳಿಗ್ಗೆಯಿಂದ ಒದ್ದೂ ಒದ್ದೂ ನನ್ನ ಮೊಳಕಾಲು ಬಾತಿತ್ತು. ಪೀರಸಾಬ ಒದ್ದ, ದಣಿದ, ಚಹಾ ಕೇಳಿದ. ಚಹಾ ಬರುವ ಮೊದಲು ಸಿಟ್ಟಿನಿಂದ ಇನ್ನೊಂದು ಸಲ ಒದ್ದೆ. ಬಂದೂಕು ಹಾರಿಸಿದಂಥ ಸಪ್ಪಳ, ಹಿಂದಿನಿಂದ ಒಂದು ಮುಷ್ಟಿ ಕರಿ ಹೊಗೆ, ಆಮೇಲೆ ಫಟ್ ಫಟ್ ಫಟ್ ಎಂದು ನಿಂತಲ್ಲೇ ಕುಣಿಯತೊಡಗಿತು. ಓಣಿಯ ಮಂದಿಯೆಲ್ಲ ಸೇರಿದರು. ಪೀರಸಾಬ ಎಲ್ಲವನ್ನೂ ತಾನೇ ಮಾಡಿದವನಂತೆ ಸಲಾಮು ಹೊಡೆಯುತ್ತಿದ್ದ. ಅತ್ತೆ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ನಾನು ಇಷ್ಟು ಸಂತೋಷಪಟ್ಟು ಎಷ್ಟು ಕಾಲವಾಗಿತ್ತು!

೨೪ ಜುಲೈ

ಸಾಲೆಯಿಂದ ಬಂದರೆ ಒಳಕೋಣೆಯಲ್ಲಿ ಗಂಟು ಕಟ್ಟಿ ಇಟ್ಟಿದೆ. ಎರಡು ಸೀರೆ, ವಿಭೂತಿ ಡಬ್ಬಿ, ಒಂದು ತಂಬಿಗೆ. ಫಟಫಟಿ ಸಿದ್ಧವಾಯಿತಲ್ಲ, ಮಾತಿನಂತೆ ಹೊರಡುವುದು.

೩೦ ಜುಲೈ

ಎಂಜಿನ್ನಿನ ಸಪ್ಪಳ ನನಗೆ ಸರಿ ಕಾಣುತ್ತಿಲ್ಲ. ಒಳಗೆ ಎಲ್ಲೋ ಟಕ್ ಎನ್ನುತ್ತದೆ. ಹಿರಿಯರನ್ನು ಕೂಡಿಸಿಕೊಂಡು ಹೋಗುವ ಗಾಡಿ, ನಡುದಾರಿಯಲ್ಲಿ ಕೈಕೊಟ್ಟರೆ ಯಾರು ಹೊಣೆ? ಪೂರ್ತಿ ಬಿಚ್ಚಿ ಮತ್ತೆ ನೋಡುವುದೇ ಒಳ್ಳೆಯದೆಂದು ಬಿಚ್ಚಿದೆ.

ಪೀರಸಾಬ ಬಂದು ತಲೆ ಕೆರೆದುಕೊಂಡ. "ಏನ ಟಕ್ ಅಂತೈತ್ರಿ ಮಾಸ್ತರ? ನನಗೇನ ಕೇಳಲಿಲ್ಲ." ಟಾಂಗಾದ ಗೆಜ್ಜೆ ಕೇಳಿ ಕೇಳಿ ಅವನ ಕಿವಿ ಹೋಗಿದೆ ಎಂದೆ. ಅತ್ತೆ ಬಾಗಿಲ ಮರೆಯಿಂದ, "ನನಗ ಕೇಳಸ್ತಿತ್ತು ಟಕ್ ಅಂದಿದ್ದು. ಜೋರ ಕೇಳಸ್ತಿತ್ತು" ಎಂದರು. ನೋಡು, ಒಬ್ಬರಿಗಾದರೂ ಕಿವಿ ಇದೆ.

ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದ್ದಾರೆ.

೧೬ ಆಗಸ್ಟ್

ಮಲಕವ್ವನ ವರ್ಷದ ಕಾರ್ಯ ಮುಗಿಯಿತು. ಆಕೆಗೆ ಇಷ್ಟವೆಂದು ಅತ್ತೆ ಗೋಧಿ ಮಾದಲಿ ಮಾಡಿದ್ದರು. ಅಮೋಘಿಯ ಮನೆಯವರೆಲ್ಲ ಬಂದು ಹೋದರು. ಎಲ್ಲರೂ ಹೋದ ಮೇಲೆ ಪಡಸಾಲೆಯಲ್ಲಿ ನಾನು ಈ ಕಡೆ, ಅತ್ತೆ ಬಾಗಿಲ ಆ ಕಡೆ, ದೀಪ ಹಚ್ಚುವ ತನಕ ಕುಳಿತಿದ್ದೆವು. ಆಕೆಯ ನೆನಪು ಬಹಳವಾಯಿತು. ಒಬ್ಬನೇ ಇದ್ದಿದ್ದರೆ ಈ ದಿನವನ್ನು ಹೇಗೆ ಕಳೆಯುತ್ತಿದ್ದೆನೋ ತಿಳಿಯದು.

೨೭ ಆಗಸ್ಟ್

ಮತ್ತೆ ಜೋಡಿಸಿ ಆಯಿತು. ಟಕ್ ಎನ್ನುವುದು ಏನೆಂದು ಸಿಗಲಿಲ್ಲ, ಆದರೆ ಈಗ ಅನ್ನುತ್ತಿಲ್ಲ. ಸ್ಟೇಶನ್ನಿನ ತನಕ ಹೋಗಿ ಬಂದೆ. ಇನ್ನು ನೆಪವೇನೂ ಇಲ್ಲ ಎಂದು ಬರೆಯಹೋದೆ, ನೆಪವಲ್ಲ, ಕೆಲಸ. ಇನ್ನು ಕೆಲಸವೇನೂ ಉಳಿದಿಲ್ಲ.

ಮುಂದಿನ ರವಿವಾರ ಹೊರಡುವುದೆಂದು ಪೀರಸಾಬನಿಗೆ ಹೇಳುತ್ತಿದ್ದೆ. ಗೋಡೆಯ ಮೇಲಿಂದ ನೀಲಾಬಾಯಿ, "ಅಲ್ರಿ ಮಾಸ್ತರ, ದುಂಡವ್ವ ಎಲ್ಲಿ ಕುಂದರತಾರ?" ಎಂದು ಕೇಳಿದರು. "ಹಿಂದಿನ ಸೀಟಿನ ಮೇಲೆ" ಎಂದೆ. ಎಂದವನೇ ನಾಲಿಗೆ ಕಚ್ಚಿಕೊಂಡೆ. ಎದುರಿಗೆ ನಿಂತು ಮಾತಾಡದ ಅತ್ತೆ ಅಳಿಯನ ಹೆಗಲು ಹಿಡಿದುಕೊಂಡು, ಊರ ನಡುವೆ, ಹಗಲು ಹೊತ್ತಿನಲ್ಲಿ! ಏಳು ತಿಂಗಳು ಚಿತ್ರ ಬರೆದೆ, ಬಾಣ ಹಾಕಿದೆ. ಎರಡನೆಯವರು ಎಲ್ಲಿ ಕೂಡಬೇಕು ಎಂಬುದೊಂದು ನನ್ನ ತಲೆಗೆ ಹೊಳೆಯಲಿಲ್ಲ. ಪೀರಸಾಬ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದ. ಒಳಗೂ ಯಾರೋ ನಗುತ್ತಿದ್ದರು.

ಪಕ್ಕಕ್ಕೆ ಒಂದು ಸೈಡ್‌ಕಾರ್ ಕಟ್ಟಬೇಕು, ಬೇರೆ ದಾರಿಯಿಲ್ಲ. ಪೀರಸಾಬನ ಅಂಗಡಿಯಲ್ಲಿ ಹಳೆಯ ಟಾಂಗಾದ ಸೀಟು ಬಿದ್ದಿದೆ, ಒಂದು ಚಕ್ರ ಹಚ್ಚಿದರೆ ಆಯಿತು. ಎಷ್ಟು ದಿನವೆಂದು ಕೇಳಿದೆ. "ಒಂದ ವಾರ" ಎಂದ. ಗಡಿಬಿಡಿ ಬೇಡ, ಒಳ್ಳೆಯ ಕೆಲಸ ಆಗಲಿ ಎಂದೆ.

೨೪ ಸೆಪ್ಟೆಂಬರ್

ಸೈಡ್‌ಕಾರ್ ಬಂದಿದೆ. ಅತ್ತೆ ಅದನ್ನು ತೊಟ್ಟಿಲು ಎನ್ನುತ್ತಾರೆ. ಮೂರು ನಟ್ಟುಗಳಿಂದ ಗಾಡಿಯ ಪಕ್ಕಕ್ಕೆ ಬಿಗಿಯುವುದು. ಸೀಟಿನೊಳಗೆ ಹತ್ತಿ ತುಂಬಿಸಿದ್ದೇನೆ. ಹಸಿರು ಬಣ್ಣ ಬಳಿದು ಅಂಚಿಗೆ ಕುಸುಬಿ ಹೂವಿನ ಬಳ್ಳಿ ಬರೆಯುತ್ತಿದ್ದೇನೆ. ಕುಸುಬಿ ಬಳ್ಳಿಯಲ್ಲ, ಗಿಡ ಎಂದು ಅತ್ತೆ ತಪ್ಪು ತೆಗೆದರು. ಚಿತ್ರದಲ್ಲಿ ಬಳ್ಳಿ ಆಗಬಹುದು ಎಂದೆ. ಮುಳ್ಳು ಬರೆದಿಲ್ಲ ಎಂದರು. ಮುಳ್ಳು ಬರೆದೆ.

ಸಂಜೆ ಓಣಿಯ ಕೊನೆಯ ತನಕ ಕೂಡಿಸಿಕೊಂಡು ಹೋಗಿ ಬ್ರೇಕು ನೋಡಿದೆ. ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದರು. ತಿರುಗಿ ಬರುವಾಗ ಕಣ್ಣು ತೆರೆದಿತ್ತು, ಸೆರಗು ಹಾರಿ ಹೆಗಲಿಗೆ ಬಿದ್ದಿತ್ತು. "ಇನ್ನೊಂದ ಸುತ್ತ ಹೋಗತೈತೇನೋ ಕೇಳೂಣು ಫಟಫಟಿಗೆ" ಎಂದರು. ಹೋದೆವು.

೮ ಅಕ್ಟೋಬರ್

ಊಟ ಸೇರುತ್ತಿಲ್ಲ. ನಿನ್ನೆ ಸಾಲೆಯಲ್ಲಿ ಎಂಟನೆಯ ತರಗತಿಯವರನ್ನು ಸುಮ್ಮಸುಮ್ಮನೆ ಬೈದೆ. ಪಿತ್ತವಿರಬೇಕು. ಹಬ್ಬ ಬಂತು.

೧೮ ಅಕ್ಟೋಬರ್

ಖಂಡೆ ಪೂಜೆ, ಆಯುಧ ಪೂಜೆಯ ದಿನ. ಫಟಫಟಿಗೆ ಅತ್ತೆಯೇ ವಿಭೂತಿ ಬಳಿದು, ಚೆಂಡುಹೂವು ಕಟ್ಟಿ, ಕಾಯಿ ಒಡೆದರು. ನಾಳೆ ಬನ್ನಿ ಹಬ್ಬ, ಬೆಳಿಗ್ಗೆ ಹೊರಡುವುದು. ಹೊಸ ಗಂಟು ಕಟ್ಟಿದ್ದಾರೆ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಸಂಜೆಯೆಲ್ಲ ಫಟಫಟಿಗೆ ಹೇಳುತ್ತಿದ್ದರು: ಖಾರ ಇಲ್ಲಿ, ಶೇಂಗಾ ಹಿಂಡಿ ಅಲ್ಲಿ, ಮೇಲಿನ ಗಡಿಗೆಯಲ್ಲಿ ಉಪ್ಪಿನಕಾಯಿ. ಫಟಫಟಿ ಹೂಂ ಎನ್ನುತ್ತಿತ್ತು. ಏನೂ ತಲೆಗೆ ಹೋಗಲಿಲ್ಲ.

೨೦ ಅಕ್ಟೋಬರ್

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ಬೆಳಿಗ್ಗೆ ಹೊರಟೆವು. ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕರಿ ನೆಲ, ಹಿಂಗಾರಿ ಜೋಳ ಬಿತ್ತಿದವರು, ಬಿತ್ತುತ್ತಿದ್ದವರು. ಎಲ್ಲರೂ ಕೂರಿಗೆ ನಿಲ್ಲಿಸಿ ನಮ್ಮನ್ನು ನೋಡಿದರು. ಅತ್ತೆ ಕೆಲವರಿಗೆ ಕೈ ಸಹ ಎತ್ತಿದರು. ಗಾಡಿ ಒಮ್ಮೆಯೂ ತಕರಾರು ಮಾಡಲಿಲ್ಲ. ಎಲ್ಲಿಯಾದರೂ ನಿಂತೀತೇ ಎಂದು ನಾನು ಕಿವಿಗೊಟ್ಟು ಕೇಳುತ್ತಲೇ ಇದ್ದೆ. ಇಷ್ಟು ಚೆನ್ನಾಗಿ ರಿಪೇರಿ ಮಾಡಬಾರದಾಗಿತ್ತು.

ತಿಕೋಟಾದಲ್ಲಿ ಅಮೋಘಿ ಬಾಗಿಲಿಗೆ ಬಂದು ಗಂಟು ಇಳಿಸಿಕೊಂಡ. ಅವನ ಹೆಂಡತಿ ರಾಚವ್ವ ಹೋಳಿಗೆ ಮಾಡಿದ್ದಳು. ಉಂಡೆ, ಏನು ಉಂಡೆನೆಂದು ಕೇಳಿದರೆ ಹೇಳಲಾರೆ. ಮುಂದಿನ ದೀಪ ಇನ್ನೂ ಸರಿಯಾಗಿಲ್ಲ, ಬೆಳಕಿರುವಾಗಲೇ ಹೊರಡಬೇಕು ಎಂದು ಎದ್ದೆ.

"ಖಾಲಿ ತೊಟ್ಟಿಲಾ ಯಾಕ ಎಳಕೊಂಡ ಹೋಗತೀರಿ ಮಾಮಾ?" ಎಂದ ಅಮೋಘಿ. "ಬಿಚ್ಚಿ ಇಲ್ಲೇ ಇಡ್ರಿ. ಇನ್ನ ಅದರಾಗ ಯಾರ ಕುಂದರಬೇಕು?"

ಸರಿಯಾದ ಮಾತು. ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕುಳಿತೆ. ಒಂದು ನಟ್ಟು ಬಿಚ್ಚಿತು. ಎರಡನೆಯದೂ ಬಿಚ್ಚಿತು. ಮೂರನೆಯದಕ್ಕೆ ಪಾನಾ ಹಚ್ಚಿದಾಗ ಅತ್ತೆ ಬಾಗಿಲಿಗೆ ಬಂದು, ಸೆರಗು ಮುಂದೆಳೆದುಕೊಂಡು, ಎಂದಿನಂತೆ ಹೇಳಿದರು: "ಫಟಫಟೀ, ಬಿಸಲ ಇಳಿಯೂದ್ರಾಗ ಮನಿ ಮುಟ್ಟು. ಹೊತ್ತಿಗೆ ಸರಿಯಾಗಿ ಉಣ್ಣು. ಬರೇ ಚಹಾ ಕುಡದ ಮಕ್ಕೋಬ್ಯಾಡ."

ಎಂದಿನಂತೆ ನಾನೂ ಫಟಫಟಿಯ ಪರವಾಗಿ ಏನಾದರೂ ಅನ್ನಬೇಕಾಗಿತ್ತು. ಪಾನಾ ಕೆಳಗಿಟ್ಟು ಎದ್ದು ನಿಂತೆ. ಅವರ ಮುಖವನ್ನು ನೇರವಾಗಿ ನೋಡಿದೆ. ಮಲಕವ್ವನ ಕಣ್ಣು ಯಾರದೆಂದು ಆಗ ತಿಳಿಯಿತು.

"ಅತ್ತಿ, ಮನಿಗೆ ನಡೀರಿ" ಎಂದೆ.

ಅಮೋಘಿಯೇ ಮೊದಲು ಚೇತರಿಸಿಕೊಂಡ. "ಏನ್ರಿ ಮಾಮಾ ಇದು? ಎಲ್ಲಾ ಮಾತಾಗಿತ್ತಲ್ಲ? ಕಳ್ಳಕವಟಗಿಯವರಿಗೆ ಏನ ಹೇಳಲಿ?"

"ಇದ್ದದ್ದ ಹೇಳು. ಮನ್ಯಾಗ ಅತ್ತಿ ಅದಾರ, ಬರೋ ಹುಡುಗಿಗೂ ಅವರ ಅತ್ತಿ. ಬ್ಯಾಡ ಅಂದ್ರ ಬ್ಯಾಡ." ಆಮೇಲೆ, ಯಾಕೆ ಮುಚ್ಚಿಡಬೇಕು, ಅತ್ತುಬಿಟ್ಟೆ. "ನಿಮ್ಮ ಅವ್ವ ಇಲ್ಲದ ಮನಿಗೆ ನನಗ ಹೋಗಾಕ ಆಗೂದಿಲ್ಲೋ ಅಮೋಘಿ."

ಅಮೋಘಿಯ ಕಣ್ಣೂ ಒದ್ದೆಯಾಯಿತು, ಒಳ್ಳೆಯ ಹುಡುಗ. ಆದರೂ, "ಮಂದಿ ನನ್ನ ಮಾರಿಗೆ ಉಗಳತಾರ್ರಿ" ಎಂದ.

"ಯಾಕ ಉಗಳತಾರ?" ಅತ್ತೆ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದರು. "ಅಮಾಸಿಗೊಮ್ಮೆ ಬರತೇನಿ. ನಿನ್ನ ಅವ್ವ ಫಟಫಟ್ಯಾಗ ಕುಂತು, ಊರೆಲ್ಲಾ ಕೇಳೂ ಹಂಗ ಸಪ್ಪಳ ಮಾಡಕೋತ ಬಂದು ನಿನ್ನ ಬಾಗಲಕ ಇಳಿಯೂದು ನೋಡಿ ಯಾರ ಉಗಳತಾರೋ ನೋಡೂಣು." ಗಂಟನ್ನು ಅಮೋಘಿಯ ಕೈಯಿಂದ ತೆಗೆದುಕೊಂಡು ತೊಟ್ಟಿಲಲ್ಲಿ ಇಟ್ಟರು. ಅಮೋಘಿ ತಡೆಯಲಿಲ್ಲ. ಕಡೆಗೆ ನನ್ನ ಕಡೆ ತಿರುಗಿ, ನನ್ನನ್ನೇ ನೋಡಿ, "ಆ ನಟ್ಟ ಬಿಗಿ ಮಾಡ್ರಿ ಲಗೂನ. ಹಾಲಿಗೆ ಹೆಪ್ಪ ಹಾಕಿ ಬಂದೀನಿ, ಹುಳಿ ಆದೀತು" ಎಂದರು.

ಅಮೋಘಿಯೇ ಪಾನಾ ಎತ್ತಿ ಕೊಟ್ಟ. ಬನ್ನಿ ಎಲೆ ಕೊಟ್ಟು, ತಗೊಂಡು, ಹೊರಟೆವು. ದಾರಿಯಲ್ಲಿ ಅತ್ತೆ ಗಾಳಿಗೆ ಎದುರಾಗಿ ಏನೇನೋ ಕೂಗಿ ಹೇಳುತ್ತಿದ್ದರು, ಎಂಜಿನ್ನಿನ ಸಪ್ಪಳದಲ್ಲಿ ನನಗೆ ಅರ್ಧ ಕೇಳಲಿಲ್ಲ. ಕೇಳಿದ್ದಕ್ಕೆಲ್ಲ ಹೌದೆಂದೆ.

ಮನೆಗೆ ಬಂದು ಬೀಗ ತೆಗೆದು ಅಡುಗೆಮನೆಗೆ ಹೋಗಿ ನೋಡಿದೆ. ಒಲೆಯ ಪಕ್ಕ ದೊಡ್ಡ ಗಡಿಗೆ. ಮುಚ್ಚಳ ತೆಗೆದರೆ ತುಂಬ ಮೊಸರು, ಕಂಠದ ತನಕ. ಮನೆ ಬಿಟ್ಟು ಹೋಗುವವರು, ಹಿಂದೆ ಉಳಿಯುವ ಒಬ್ಬನಿಗಾಗಿ ಇಷ್ಟು ಹಾಲಿಗೆ ಹೆಪ್ಪು ಹಾಕುತ್ತಾರೆಯೇ? ಕೇಳೋಣವೆಂದು ತಿರುಗಿದೆ. ಅತ್ತೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿಯ ಹಿಟ್ಟು ಕಲೆಸುತ್ತಿದ್ದರು.

ಮೊಸರು ಸ್ವಲ್ಪ ಹುಳಿಯಾಗಿತ್ತು. ಇಬ್ಬರೂ ಎದುರು ಬದುರು ಕುಳಿತು ಎರಡೆರಡು ಸಲ ಹಾಕಿಕೊಂಡು ಉಂಡೆವು.